ಮೀನಿಗೆ ಮನೆ, ಮನುಷ್ಯನಿಗೆ ಮೂಲೆ: ಬರ್ಗೆನ್‌ನ ವರ್ತಕರ ಕೇರಿ

ನಾರ್ವೆಯ ಬರ್ಗೆನ್ ಬಂದರಿಗೆ ಬಂದವರು ಮೊದಲು ಫೋಟೊ ತೆಗೆಯುವುದು ದಕ್ಕೆಗೆ, ಅಂದರೆ ಹಡಗು ನಿಲ್ಲುವ ಕಟ್ಟೆಗೆ, ಮುಖ ಮಾಡಿ ಸಾಲಾಗಿ ನಿಂತ ಚೂಪು ಮಾಡಿನ ಮರದ ಮನೆಗಳನ್ನು. ಕೆಂಪು, ಹಳದಿ, ಬಿಳಿ ಬಣ್ಣದ ಈ ಸಾಲಿನ ಹೆಸರು ಬ್ರಿಗ್ಗೆನ್. 1979ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಫೋಟೊದಲ್ಲಿ ಮನೆಗಳಂತೆ ಕಾಣುತ್ತವೆ, ಒಳಗೆ ಕಾಲಿಟ್ಟರೆ ಇವು ಮಂಡಿಗಳು. ಬಾಗಿಲು ಎಷ್ಟು ಅಗಲ ಇರಬೇಕು, ಅಟ್ಟ ಎಷ್ಟು ಎತ್ತರ ಇರಬೇಕು, ಗಾಳಿ ಎಲ್ಲಿಂದ ಬರಬೇಕು ಎಂಬುದನ್ನೆಲ್ಲ ಒಣಮೀನು ಮತ್ತು ಹಿಟ್ಟಿನ ಮೂಟೆ ತೀರ್ಮಾನಿಸಿವೆ. ಮನುಷ್ಯರು ಉಳಿದ ಜಾಗದಲ್ಲಿ ಮೈ ಮುದುಡಿಕೊಂಡು ಬದುಕಿದ್ದಾರೆ. ಮಧ್ಯಯುಗದ ವರ್ತಕ ಎಂದರೆ ಮಖಮಲ್ಲಿನ ನಿಲುವಂಗಿ, ಬೆಳ್ಳಿ ಬಟ್ಟಲು ಎಂದುಕೊಂಡು ಹೋದವರಿಗೆ ಇಲ್ಲಿ ನಿರಾಸೆ ಖಂಡಿತ. ಸರಕಿಗೆ ಯಾವ ಜಾಗ ಸಿಕ್ಕಿದೆ, ಆಳಿಗೆ ಯಾವ ಜಾಗ ಸಿಕ್ಕಿದೆ ಎಂದು ಪ್ರತಿ ಕೋಣೆಯಲ್ಲೂ ಕೇಳಿಕೊಳ್ಳುತ್ತ ಹೋದರೆ ಮಾತ್ರ ಈ ಕೇರಿ ಬಾಯಿ ಬಿಡುತ್ತದೆ.

ಹಿನ್ನೆಲೆ ಇಷ್ಟು. ಉತ್ತರ ಜರ್ಮನಿಯ ವರ್ತಕ ಪಟ್ಟಣಗಳು ಕಟ್ಟಿಕೊಂಡ ಒಕ್ಕೂಟ ಹಾನ್ಸಾ. ಅದರ ಯಜಮಾನಿಕೆ ಲ್ಯೂಬೆಕ್ ಪಟ್ಟಣದ್ದು. ಪರದೇಶಗಳಲ್ಲಿ ಈ ಒಕ್ಕೂಟಕ್ಕೆ ನಾಲ್ಕು ದೊಡ್ಡ ಕೋಠಿಗಳು, ಅಂದರೆ ವ್ಯಾಪಾರದ ನೆಲೆಗಳು, ಇದ್ದವು: ಲಂಡನ್, ಬ್ರೂಜ್, ನೊವ್ಗೊರೊದ್ ಮತ್ತು ಬರ್ಗೆನ್. ಬರ್ಗೆನ್ ಕೋಠಿ 1360ರ ಹೊತ್ತಿಗೆ ಗಟ್ಟಿಯಾಗಿ ತಳವೂರಿತು, 1754ರವರೆಗೂ ನಡೆಯಿತು. ಜರ್ಮನ್ ವರ್ತಕರು ಬರತೊಡಗಿದ್ದು ಅದಕ್ಕೂ ಬಹಳ ಹಿಂದೆ. 1186ರಲ್ಲಿ ರಾಜ ಸ್ವೆರ್ರೆ ಇದೇ ಊರಿನಲ್ಲಿ ನಿಂತು, ಗೋಧಿ, ಜೇನು, ಬಟ್ಟೆ ತರುವ ಇಂಗ್ಲಿಷರನ್ನು ಹೊಗಳಿ, ಬೆಣ್ಣೆಯನ್ನೂ ಒಣಮೀನನ್ನೂ ಹೊತ್ತುಕೊಂಡು ಹೋಗಿ ಬದಲಿಗೆ ವೈನ್ ಸುರಿಯುವ ಜರ್ಮನ್ನರನ್ನು ಬೈದಿದ್ದಾನೆ. ಆದರೆ ಬೈದು ಆಗುವಂಥದ್ದೇನೂ ಇರಲಿಲ್ಲ. ಉತ್ತರ ನಾರ್ವೆಯಲ್ಲಿ ರೊಟ್ಟಿಗೆ ಬೇಕಾದಷ್ಟು ಧಾನ್ಯ ಬೆಳೆಯುವುದಿಲ್ಲ. ರೈ ಹಿಟ್ಟು ಬಾಲ್ಟಿಕ್ ಕಡೆಯಿಂದ ಹಡಗಿನಲ್ಲೇ ಬರಬೇಕು. 1284ರಲ್ಲಿ ಜಗಳ ಹತ್ತಿದಾಗ ಹಾನ್ಸಾ ಪಟ್ಟಣಗಳು ನಾರ್ವೆಗೆ ಕಾಳು ಕಳಿಸುವುದನ್ನೇ ನಿಲ್ಲಿಸಿದವು. ಮರುವರ್ಷ ನಾರ್ವೆಯ ರಾಜ ರಾಜಿಗೆ ಬಂದ.

ಒಂದು ಮಾತು ಮೊದಲೇ ತಿಳಿದಿರಬೇಕು. ಇಂದು ಕಣ್ಣಿಗೆ ಬೀಳುವ ಮರದ ಕಟ್ಟಡಗಳು ಮಧ್ಯಯುಗದವಲ್ಲ. 1702ರ ಬೆಂಕಿಯಲ್ಲಿ ಇಡೀ ಕೇರಿ ಸುಟ್ಟು ಬೂದಿಯಾಯಿತು. ನಂತರ ಕಟ್ಟಿದವು ಇವು. ಆದರೆ ಕಟ್ಟಿದವರು ಹಳೆಯ ನಿವೇಶನದ ಗೆರೆಯನ್ನೂ ಹಳೆಯ ವಿನ್ಯಾಸವನ್ನೂ ಬಿಡಲಿಲ್ಲ. ವ್ಯಾಪಾರದ ರೀತಿ ಬದಲಾಗಿರಲಿಲ್ಲ, ಮನೆಯ ರೀತಿ ಬದಲಾಯಿಸುವ ಅಗತ್ಯವೂ ಬೀಳಲಿಲ್ಲ. ಹೀಗಾಗಿ 18ನೇ ಶತಮಾನದ ಮರದೊಳಗೆ 12ನೇ ಶತಮಾನದ ನಕ್ಷೆ ಉಳಿದುಕೊಂಡಿದೆ. ವಿಶ್ವ ಪರಂಪರೆಯ ಆವರಣದಲ್ಲಿ ಈಗ 62 ಕಟ್ಟಡಗಳಿವೆ. ದಕ್ಷಿಣದ ತುದಿಯಲ್ಲಿದ್ದ ಅರ್ಧ ಕೇರಿಯನ್ನು 20ನೇ ಶತಮಾನದ ಆರಂಭದಲ್ಲಿ ಕೆಡವಿ ಇಟ್ಟಿಗೆಯಲ್ಲಿ ಕಟ್ಟಿದರು. ಮುಖ ಮಾತ್ರ ಹಳೆಯದರಂತೆ ತ್ರಿಕೋನವಾಗಿದೆ, ಮೋಸ ಹೋಗಬಾರದು.

ಆ ಕೆಡವುವಿಕೆಯಿಂದ ಪಾರಾದ ಒಂದೇ ಕಟ್ಟಡ ಫಿನ್ನೆಗೋರ್ಡೆನ್. 1872ರಲ್ಲಿ ಯೋಹಾನ್ ವಿಲ್ಹೆಲ್ಮ್ ಓಲ್ಸೆನ್ ಎಂಬ ವರ್ತಕ ಅದನ್ನೇ ಹಾನ್ಸಾ ವಸ್ತುಸಂಗ್ರಹಾಲಯ ಮಾಡಿದ. ಪೀಠೋಪಕರಣ, ತಕ್ಕಡಿ, ಮಂಚ ಎಲ್ಲವನ್ನೂ ಕೇರಿಯ ಬೇರೆ ಬೇರೆ ಮನೆಗಳಿಂದ ಕೂಡಿಹಾಕಿದ್ದು. 2018ರಲ್ಲಿ ದೊಡ್ಡ ದುರಸ್ತಿಗೆಂದು ಇದನ್ನು ಮುಚ್ಚಲಾಯಿತು. ಹೊರಡುವ ಮೊದಲು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಮುಚ್ಚಿದ್ದರೂ ಪ್ರವಾಸ ವ್ಯರ್ಥವಾಗುವುದಿಲ್ಲ. ಕೇರಿಯ ಉತ್ತರದ ಕೊನೆಗೆ, ಅಗೆದ ಜಾಗದ ಮೇಲೆಯೇ ಕಟ್ಟಿದ ಬ್ರಿಗ್ಗೆನ್ ವಸ್ತುಸಂಗ್ರಹಾಲಯವಿದೆ; 1976ರಲ್ಲಿ ತೆರೆದದ್ದು. ಅದರ ಬೆನ್ನಿಗೇ ಮರಿಯಾ ಚರ್ಚು. ಚರ್ಚಿನ ಪಕ್ಕದಲ್ಲಿ ಶೋಟ್‌ಸ್ಟೂನೆ ಎಂಬ ಸಭಾಕೊಠಡಿಗಳು. ಎಲ್ಲವೂ ಕೆಲವೇ ನಿಮಿಷದ ನಡಿಗೆಯೊಳಗೆ. ನೋಡುವ ಕ್ರಮ ಕೇಳಿದರೆ: ಮೊದಲು ಅಗೆತದ ವಸ್ತುಗಳು, ಆಮೇಲೆ ಓಣಿಗಳು, ಆಮೇಲೆ ಸಭಾಕೊಠಡಿ. ಫಿನ್ನೆಗೋರ್ಡೆನ್ ಸಿಕ್ಕಿದರೆ ಕೊನೆಗೆ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ, ಮೊದಲು ಮಂಚ ನೋಡಿ ನಗುತ್ತಾರೆ, ಆ ಮಂಚ ಅಷ್ಟು ಚಿಕ್ಕದಾಗಿ ಯಾಕಿದೆ ಎಂಬ ಪ್ರಶ್ನೆಗೆ ಉತ್ತರ ಸಿಗುವ ಜಾಗಕ್ಕೆ ಹೋಗುವುದೇ ಇಲ್ಲ.

ಓಣಿಗಳಿಗೆ ಬರೋಣ. ದಕ್ಕೆಯಿಂದ ಒಳಕ್ಕೆ ಉದ್ದಕ್ಕೆ ಹೋಗುವ ಕಿರಿದಾದ ನಿವೇಶನಕ್ಕೆ ಗೋರ್ಡ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಸಾಲು ಕಟ್ಟಡಗಳು ಎದುರುಬದುರು, ನಡುವೆ ಒಂದೇ ಓಣಿ, ನೆಲಕ್ಕೆ ಮರದ ಹಲಗೆ. ಮೇಲಂತಸ್ತಿನಲ್ಲಿ ಓಣಿಯತ್ತ ಚಾಚಿಕೊಂಡ ಮೊಗಸಾಲೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದು ಅದರ ಮೂಲಕ. ಒಂದು ಗೋರ್ಡ್ ಎಂದರೆ ಒಬ್ಬನ ಸೊತ್ತಲ್ಲ. ಅದರೊಳಗೆ ಹಲವು ವ್ಯಾಪಾರಿ ಸಂಸ್ಥೆಗಳು ಪಾಲು ಹಂಚಿಕೊಂಡಿದ್ದವು. ದಕ್ಕೆ, ಎತ್ತುಯಂತ್ರ, ಓಣಿ, ಹಿಂದಿನ ಅಡುಗೆಮನೆ ಎಲ್ಲರಿಗೂ ಸೇರಿದ್ದು. ಜಾಗ ಕಿರಿದಾಗಿರುವುದಕ್ಕೆ ಕಾರಣ ದಕ್ಕೆಯೇ. ಹಡಗು ನಿಲ್ಲುವ ನೀರಿನಂಚು ಎಲ್ಲರಿಗೂ ಬೇಕು, ಹಾಗಾಗಿ ಪ್ರತಿಯೊಬ್ಬನಿಗೂ ಸಿಗುವುದು ಕೆಲವೇ ಮೀಟರ್ ಅಗಲ. ಹಿಂದಕ್ಕೆ ಎಷ್ಟು ಬೇಕಾದರೂ ಉದ್ದ ಹೋಗಬಹುದು.

ಮುಂದಕ್ಕೂ ಹೋದರು. ಹಡಗುಗಳು ದೊಡ್ಡದಾದಂತೆ ಆಳದ ನೀರು ಬೇಕಾಯಿತು. ದಪ್ಪ ದಿಮ್ಮಿಗಳನ್ನು ಪೆಟ್ಟಿಗೆಯ ಹಾಗೆ ಹೆಣೆದು, ನೀರಿಗೆ ಇಳಿಸಿ, ಒಳಗೆ ಕಲ್ಲು, ಕಸ, ಮುರಿದ ಮಡಕೆ, ಸುಟ್ಟ ಮರ ಎಲ್ಲ ತುಂಬಿ ದಕ್ಕೆಯನ್ನು ಮುಂದಕ್ಕೆ ತಳ್ಳಿದರು. ಪ್ರತಿ ಬೆಂಕಿಯ ನಂತರ ಸುಟ್ಟ ಅವಶೇಷವೇ ಮುಂದಿನ ದಕ್ಕೆಯ ಬುನಾದಿ. ಬ್ರಿಗ್ಗೆನ್ ವಸ್ತುಸಂಗ್ರಹಾಲಯದಲ್ಲಿ ಒಂದು ಭಾರಿ ಹಡಗಿನ ತೊಲೆಗಳಿವೆ. ಹಡಗಿನ ಉದ್ದ ಸುಮಾರು 30 ಮೀಟರ್ ಇದ್ದಿರಬೇಕೆಂದು ಲೆಕ್ಕ. ಅದನ್ನು ಒಡೆದು, 1248ರ ಬೆಂಕಿಯ ನಂತರ ಕಟ್ಟಡದ ಅಡಿಪಾಯಕ್ಕೆ ಬಳಸಿದ್ದರು. ಈ ಕೇರಿಯಲ್ಲಿ ಏನನ್ನೂ ಎಸೆಯುತ್ತಿರಲಿಲ್ಲ, ಎಸೆದದ್ದೂ ಕಾಲಡಿಗೇ ಬಂದು ಸೇರುತ್ತಿತ್ತು.

ಎಸೆದದ್ದರ ಲಾಭ ನಮಗೆ ಸಿಕ್ಕಿದ್ದು 1955ರಲ್ಲಿ. ಆ ವರ್ಷ ಜುಲೈ 4ರಂದು ಉತ್ತರದ ಸಾಲು ಹೊತ್ತಿ ಉರಿಯಿತು. ಖಾಲಿಯಾದ ಜಾಗವನ್ನು ಅಸ್ಬ್ಯೋರ್ನ್ ಹೆರ್ಟೈಗ್ ಎಂಬ ಪುರಾತತ್ವಜ್ಞರ ತಂಡ ಅಗೆಯತೊಡಗಿತು, ಕೆಲಸ 1968ರವರೆಗೆ ನಡೆಯಿತು. ಪದರ ಪದರವಾಗಿ ಇದ್ದಿಲು ಸಿಕ್ಕಿತು. ಯಾವ ಬೆಂಕಿ ಯಾವ ವರ್ಷದ್ದು ಎಂಬುದು ಬರಹಗಳಿಂದ ಗೊತ್ತಿತ್ತು: 1198, 1248, 1332, 1413, 1476, 1702. ಎರಡು ಇದ್ದಿಲ ಪದರಗಳ ನಡುವೆ ಸಿಕ್ಕ ಬಾಚಣಿಗೆ, ಚಪ್ಪಲಿ, ಮಡಕೆ ಚೂರಿಗೆ ಆ ಎರಡು ವರ್ಷಗಳ ನಡುವಿನ ಕಾಲ ಎಂದು ಗುರುತು ಹಾಕಬಹುದಿತ್ತು. ಬೆಂಕಿಯೇ ಇಲ್ಲಿ ಪಂಚಾಂಗ.

ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವವು ರೂನ್ ಎಂಬ ಉತ್ತರ ಯುರೋಪಿನ ಹಳೆಯ ಲಿಪಿಯ ಮರದ ಕಡ್ಡಿಗಳು. ಸುಮಾರು 670 ಬರಹಗಳು. ಕಲ್ಲಿನ ಮೇಲೆ ಸತ್ತವರ ನೆನಪಿಗೆ ಕೊರೆದ ರೂನ್‌ಗಳನ್ನಷ್ಟೇ ಕಂಡಿದ್ದ ವಿದ್ವಾಂಸರಿಗೆ ಇವು ಆಶ್ಚರ್ಯ. ಬೆರಳುದ್ದದ ಚಪ್ಪಟೆ ಚೂರು, ಒಂದು ತುದಿಯಲ್ಲಿ ದಾರ ಕಟ್ಟಲು ಕಚ್ಚು, ಮೇಲೆ ಒಬ್ಬನ ಹೆಸರು ಮತ್ತು ‘ಒಡೆಯ’ ಎಂಬ ಅರ್ಥದ ಕ್ರಿಯಾಪದ. ಮೂಟೆಯ ಚೀಟಿ, ಅಷ್ಟೇ. ಕೊಂಚ ಉದ್ದದ ಇನ್ನೊಂದು ಕಡ್ಡಿಯಲ್ಲಿ ತೋರೆ ಎಂಬಾತ ತನ್ನ ಪಾಲುದಾರ ಹಾಫ್‌ಗ್ರೀಮ್‌ಗೆ ಕಾಗದ ಬರೆದಿದ್ದಾನೆ: ದೇವರ ಹೆಸರಿನಲ್ಲಿ ವಂದನೆ ಹೇಳಿ, ತನಗೆ ಬಿಯರೂ ಸಿಕ್ಕಿಲ್ಲ ಮೀನೂ ಸಿಕ್ಕಿಲ್ಲ, ಇದು ನಿನಗೆ ತಿಳಿದಿರಲಿ, ನನ್ನನ್ನು ಒತ್ತಾಯಿಸಬೇಡ ಎನ್ನುತ್ತಾನೆ. ಇನ್ನೊಂದರಲ್ಲಿ ಗೀಡಾ ಎಂಬಾಕೆ ಯಾರಿಗೋ ಮನೆಗೆ ಬಾ ಎಂದು ಹೇಳಿ ಕಳಿಸಿದ್ದಾಳೆ. ಚಾಕು ಹಿಡಿದ ಸಾಮಾನ್ಯ ವ್ಯಾಪಾರಿಗೂ ಓದು ಬರಹ ಬರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಗಾಜಿನ ಪೆಟ್ಟಿಗೆಯಲ್ಲಿ ಇವು ಕಡ್ಡಿ ಕಸದಂತೆ ಕಾಣುತ್ತವೆ. ಬೆಳಕು ಓರೆಯಾಗಿ ಬೀಳುವ ಕಡೆ ನಿಂತು ನೋಡಿದರೆ ಗೀರುಗಳು ಕಾಣುತ್ತವೆ.

ಈಗ ಮೀನು. ಇದು ಗೊತ್ತಿಲ್ಲದೆ ಈ ಕೇರಿಯ ಒಂದು ಬಾಗಿಲೂ ಅರ್ಥವಾಗುವುದಿಲ್ಲ.

ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆಯಿಡಲು ಲೊಫೊಟೆನ್ ದ್ವೀಪಗಳ ಕಡೆ ಬರುತ್ತದೆ. ಹಿಡಿದ ಮೀನಿನ ತಲೆ ತೆಗೆದು, ಕರುಳು ತೆಗೆದು, ಒಂದೇ ಗಾತ್ರದ ಎರಡೆರಡನ್ನು ಬಾಲಕ್ಕೆ ಬಾಲ ಬಿಗಿದು, ಮರದ ಹಂದರದ ಅಡ್ಡಗಳುವಿನ ಮೇಲೆ ಆಚೆಗೊಂದು ಈಚೆಗೊಂದು ಜೋತುಬಿಡುತ್ತಾರೆ. ಉಪ್ಪಿನ ಒಂದು ಹರಳೂ ಇಲ್ಲ. ನಮ್ಮ ಕರಾವಳಿಯಲ್ಲಿ ದೊಡ್ಡ ಮೀನನ್ನು ಉಪ್ಪಿಲ್ಲದೆ ಒಣಹಾಕಿದರೆ ಒಳಗಿನ ನೀರು ಆರುವ ಮೊದಲೇ ಹುಳ ಬೀಳುತ್ತದೆ; ಅಲ್ಲಿ ಹುಳ ಬಾರದಂತೆ ತಡೆಯುವುದು ಚಳಿ, ಒಣಗಿಸುವುದು ಸಮುದ್ರದ ಗಾಳಿ. ಫೆಬ್ರವರಿಯಿಂದ ಮೇ ತನಕ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲೇ ತೂಗಾಡುವುದು ಲೊಫೊಟೆನ್‌ನ ಅದೃಷ್ಟ. ಅದಕ್ಕಿಂತ ಕೆಳಗಿಳಿದು ಬಿರುಸು ಹಿಮಗಟ್ಟಿದರೆ ಮಾಂಸದೊಳಗಿನ ನೀರು ಹರಳುಗಟ್ಟಿ ನಾರನ್ನು ಒಡೆಯುತ್ತದೆ. ಕರಗಿದ ಮೇಲೆ ಮೀನು ಸ್ಪಂಜಿನಂತೆ ಮೆತ್ತಗಾಗಿ ದರ್ಜೆ ಕಳೆದುಕೊಳ್ಳುತ್ತದೆ. ಬೇಗ ಬಿಸಿಲು ಬಂದರೆ ನೊಣ ಮೊಟ್ಟೆಯಿಡುತ್ತದೆ, ಮಾಂಸ ಹುಳಿಯುತ್ತದೆ. ಮಳೆ ಬಿಡದಿದ್ದರೆ ಬೂಷ್ಟು. ಎಲ್ಲ ಸರಿಯಾದರೆ ಎರಡು ಮೂರು ತಿಂಗಳಲ್ಲಿ ಸುಮಾರು 5 ಕೆ.ಜಿ. ಮೀನು 1 ಕೆ.ಜಿ.ಗೆ ಇಳಿಯುತ್ತದೆ, ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಒಣಗಿದ ಜಾಗದಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ತಿನ್ನಬೇಕೆಂದರೆ ಸುತ್ತಿಗೆಯಿಂದ ಬಡಿದು, ದಿನಾ ನೀರು ಬದಲಾಯಿಸುತ್ತ ವಾರದಷ್ಟು ಕಾಲ ನೆನೆಹಾಕಬೇಕು.

ಇಂಥ ಕಟ್ಟಿಗೆಯನ್ನು ಯುರೋಪು ಯಾಕೆ ಕೊಂಡಿತು? ಚರ್ಚಿನ ಉಪವಾಸ. ಶುಕ್ರವಾರಗಳು, ಈಸ್ಟರಿಗೆ ಮೊದಲಿನ 40 ದಿನ, ಕ್ರಿಸ್‌ಮಸ್ಸಿಗೆ ಮೊದಲಿನ ದಿನಗಳು ಎಲ್ಲ ಸೇರಿ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಮಾಂಸ ತಿನ್ನುವಂತಿಲ್ಲ, ಮೀನು ತಿನ್ನಬಹುದು. ಸಮುದ್ರದಿಂದ ದೂರದ ಪಟ್ಟಣಕ್ಕೆ ಕೆಡದೆ ತಲುಪುವ ಮೀನೆಂದರೆ ಒಣಗಿದ್ದು ಅಥವಾ ಉಪ್ಪಿನದು. ತಿರುಗಿ ಬರುವ ಹಡಗಿನಲ್ಲಿ ರೈ ಹಿಟ್ಟು, ಮಾಲ್ಟ್, ಬಿಯರ್, ಬಟ್ಟೆ. ಇದೇ ಹಾನ್ಸಾ ಜಾಲದಲ್ಲಿ ಬ್ರೂಜ್ ಕಡೆಯಿಂದ ಕರಿಮೆಣಸೂ ಓಡಾಡುತ್ತಿತ್ತು. ವೆನಿಸ್ ದಾಟಿ ಬಂದ ಆ ಮೆಣಸಿನ ಬಹುಪಾಲು ನಮ್ಮ ಪಶ್ಚಿಮ ಘಟ್ಟದ ಬಳ್ಳಿಯದು. ಕೆನರಾ ಮಲಬಾರಿನ ಬಂದರುಗಳಲ್ಲಿ ಹಡಗು ಹತ್ತಿದ ಮೂಟೆ ಯಾರಾರದೋ ಕೈದಾಟಿ ಬಾಲ್ಟಿಕ್ ತೀರದ ಪಟ್ಟಣಗಳವರೆಗೂ ಹೋಗುತ್ತಿತ್ತು. ಆದರೆ ಬರ್ಗೆನ್ ಕೋಠಿಯ ಹೊಟ್ಟೆ ತುಂಬಿದ್ದು ಮೆಣಸಿನಿಂದಲ್ಲ, ಹಿಟ್ಟು ಮತ್ತು ಮೀನಿನಿಂದ.

ಮೀನು ಉತ್ತರದಿಂದ ಬರುತ್ತಿದ್ದದ್ದು ಒಂದೇ ಚೌಕ ಹಾಯಿಯ ಅಗಲವಾದ ದೋಣಿಗಳಲ್ಲಿ, ಬೇಸಿಗೆಯಲ್ಲಿ. ದಕ್ಕೆಯಲ್ಲಿ ಮರದ ಉದ್ದ ತೋಳಿನ ಎತ್ತುಯಂತ್ರದಿಂದ ಇಳಿಸಿ ಒಳಗೆ ಸಾಗಿಸುತ್ತಿದ್ದರು. ಅಲ್ಲಿಂದ ದರ್ಜೆ ಮಾಡುವವನ ಕೆಲಸ. ಒಂದೊಂದೇ ಮೀನನ್ನು ಕೈಗೆತ್ತಿ ಉದ್ದ, ದಪ್ಪ, ಕುತ್ತಿಗೆಯ ಬಳಿಯ ವಾಸನೆ, ಬೂಷ್ಟಿನ ಚುಕ್ಕೆ, ಹಿಮ ಬಡಿದ ಗುರುತು ನೋಡಿ ರಾಶಿ ಬೇರ್ಪಡಿಸಬೇಕು. ದೊಡ್ಡ ಗಾತ್ರದ್ದು ಒಂದು ಊರಿಗೆ, ಚಿಕ್ಕದು ಇನ್ನೊಂದು ಊರಿಗೆ. ಈ ಕಸುಬು ಇನ್ನೂ ಸತ್ತಿಲ್ಲ. ಇಂದಿಗೂ ಲೊಫೊಟೆನ್‌ನಲ್ಲಿ ಒಣಮೀನನ್ನು ಕೈಯಿಂದಲೇ ಸುಮಾರು 20 ದರ್ಜೆಗಳಾಗಿ ವಿಂಗಡಿಸುತ್ತಾರೆ. ದರ್ಜೆಯಾದ ಮೇಲೆ ಒತ್ತುಯಂತ್ರ. ಬಾಗದ ಮೀನನ್ನು ಹಾಗೇ ಪೇರಿಸಿದರೆ ಹಡಗಿನಲ್ಲಿ ಸಾಗುವುದು ಮೀನಿಗಿಂತ ಹೆಚ್ಚು ಗಾಳಿ. ಒತ್ತಿ, ಹಗ್ಗ ಬಿಗಿದು, ಮೂಟೆ ಮಾಡಿದರೆ ಅಷ್ಟೇ ಜಾಗದಲ್ಲಿ ಎಷ್ಟೋ ಪಾಲು ಹೆಚ್ಚು ಸರಕು.

ತೂಕದ ಬಗ್ಗೆ ಗೈಡುಗಳು ಇಷ್ಟಪಟ್ಟು ಹೇಳುವ ಮಾತೊಂದಿದೆ: ಕೊಳ್ಳುವಾಗ ಒಂದು ಬಟ್ಟು, ಮಾರುವಾಗ ಇನ್ನೊಂದು. ಇದ್ದಿರಬಹುದು. ಆದರೆ ಬಟ್ಟಿಗಿಂತ ಗಮನಿಸಬೇಕಾದ್ದು ಬಿಸ್ಮೆರ್ ಎಂಬ ತೂಗುಕೋಲು. ಮರದ ಕೋಲಿನ ಒಂದು ತುದಿಯಲ್ಲಿ ದಪ್ಪ ಗುಂಡು, ಇನ್ನೊಂದು ತುದಿಯಲ್ಲಿ ಕೊಕ್ಕೆ. ತಟ್ಟೆಯಿಲ್ಲ, ಬದಲಾಯಿಸುವ ಬಟ್ಟುಗಳಿಲ್ಲ. ಸರಕನ್ನು ಕೊಕ್ಕೆಗೆ ನೇತುಹಾಕಿ, ಕೋಲನ್ನು ಎತ್ತಿ ಹಿಡಿಯುವ ಹಗ್ಗದ ಕುಣಿಕೆಯನ್ನು ಸಮತೂಕ ಬರುವವರೆಗೆ ಅತ್ತಿತ್ತ ಜಾರಿಸಬೇಕು. ಕುಣಿಕೆ ನಿಂತ ಗುರುತೇ ತೂಕ. ಸರಕು ಭಾರವಾದಷ್ಟೂ ಕುಣಿಕೆ ಕೊಕ್ಕೆಯ ಹತ್ತಿರ ಬರುತ್ತದೆ, ಅಲ್ಲಿ ಗುರುತುಗಳು ಒತ್ತೊತ್ತಾಗಿರುತ್ತವೆ. ಹಗುರ ಸರಕಿನಲ್ಲಿ ಕುಣಿಕೆ ಕೂದಲೆಳೆ ಜಾರಿದರೆ ಏನೂ ಆಗದು. ಭಾರದ ಸರಕಿನಲ್ಲಿ ಅದೇ ಜಾರಾಟ ದೊಡ್ಡ ವ್ಯತ್ಯಾಸ. ಹಗ್ಗ ದಪ್ಪವಾದರೂ, ಕಚ್ಚು ಸವೆದರೂ ಅದೇ ಕತೆ. ಮೋಸ ಮಾಡುವ ಉದ್ದೇಶವಿಲ್ಲದಿದ್ದರೂ ಜಗಳಕ್ಕೆ ಇಷ್ಟು ಸಾಕು. ಒಣಮೀನಿನ ಅಳತೆ ವೋಗ್. 17ನೇ ಶತಮಾನದ ಕೊನೆಗೆ ಗೊತ್ತುಮಾಡಿದ ಲೆಕ್ಕದಲ್ಲಿ ಒಂದು ವೋಗ್‌ಗೆ ಮೂರು ಬಿಸ್ಮೆರ್‌ಪುಂಡ್, ಅಂದರೆ ಸುಮಾರು 18 ಕೆ.ಜಿ.

ಆದರೂ ಮೀನುಗಾರನನ್ನು ಕಟ್ಟಿಹಾಕಿದ್ದು ತಕ್ಕಡಿ ಅಲ್ಲ, ಖಾತೆ ಪುಸ್ತಕ. ಚಳಿಗಾಲದ ಬೇಟೆಗೆ ಇಳಿಯುವ ಮೊದಲೇ ಅವನಿಗೆ ಹಿಟ್ಟು, ಹಗ್ಗ, ಗಾಳ, ಬಟ್ಟೆ ಬೇಕು. ಕೈಯಲ್ಲಿ ಮೀನಿಲ್ಲ. ಬರ್ಗೆನ್‌ನ ವರ್ತಕ ಮುಂಗಡವಾಗಿ ಕೊಡುತ್ತಾನೆ, ಖಾತೆಗೆ ಬರೆದುಕೊಳ್ಳುತ್ತಾನೆ. ಸಾಲ ಇರುವವರೆಗೆ ಮೀನನ್ನು ಬೇರೆಯವನಿಗೆ ಮಾರುವಂತಿಲ್ಲ. ಮೀನಿನ ಧಾರಣೆಯನ್ನೂ ಹಿಟ್ಟಿನ ಧಾರಣೆಯನ್ನೂ ಹೇಳುವವನು ಒಬ್ಬನೇ ಆದ್ದರಿಂದ ಸಾಲ ತೀರುವುದಿಲ್ಲ, ತಂದೆಯಿಂದ ಮಗನಿಗೆ ಇಳಿಯುತ್ತದೆ. ಇಷ್ಟು ಹೇಳಿ ವರ್ತಕನನ್ನು ರಾಕ್ಷಸ ಮಾಡಿ ಮುಗಿಸುವುದು ಸುಲಭ. ಆದರೆ ಮೀನು ಬಾರದ ವರ್ಷವೂ ಖಾತೆಯಿದ್ದವನಿಗೆ ಹಿಟ್ಟು ಸಿಗುತ್ತಿತ್ತು. ಖಾತೆ ಇಲ್ಲದವನಿಗೆ ಆ ವರ್ಷ ಹಸಿವೇ ಗತಿ. ಸಾಲ ಪೂರ್ತಿ ತೀರಿಸಿ ಸಂಬಂಧ ಕಡಿದುಕೊಳ್ಳಲು ಎರಡೂ ಕಡೆಯವರಿಗೆ ಮನಸ್ಸಿರಲಿಲ್ಲ ಎಂದೇ ತೋರುತ್ತದೆ. ಗೋದಾಮು, ತಕ್ಕಡಿ, ಮಂಚ ನೋಡಿದವರು ಮೇಜಿನ ಮೇಲಿನ ಪುಸ್ತಕದ ಮುಂದೆ ಎರಡು ನಿಮಿಷ ನಿಲ್ಲದೆ ಹೋಗುತ್ತಾರೆ. ಇಡೀ ಕೇರಿ ನಿಂತದ್ದು ಅದರ ಮೇಲೆ.

ಆಳುಗಳ ಪಾಡು ಬೇರೆ. ಬಂಡವಾಳಗಾರ ಲ್ಯೂಬೆಕ್‌ನಲ್ಲೋ ಬ್ರೆಮೆನ್‌ನಲ್ಲೋ ಕೂತಿರುತ್ತಿದ್ದ. ಬರ್ಗೆನ್‌ನಲ್ಲಿ ಇರುತ್ತಿದ್ದವನು ಅವನ ಮುನೀಮ. ಮುನೀಮನ ಕೆಳಗೆ ಕೆಲಸ ಕಲಿತ ಗುಮಾಸ್ತರು, ಅವರ ಕೆಳಗೆ ಉತ್ತರ ಜರ್ಮನಿಯ ಹಳ್ಳಿಗಳಿಂದ ಬಂದ ಹುಡುಗರು. ಯಾರೂ ಮದುವೆಯಾಗುವಂತಿಲ್ಲ. ಕಾರಣ ಧರ್ಮವಲ್ಲ, ಆಸ್ತಿ. ಊರಿನ ಹೆಣ್ಣನ್ನು ಮದುವೆಯಾದರೆ ಅವನು ಬರ್ಗೆನ್‌ನ ಪ್ರಜೆ. ಅವನ ಪಾಲು, ಅವನ ಖಾತೆ, ಅವನ ಮೀನುಗಾರರು ಎಲ್ಲ ಹಾನ್ಸಾದ ಕೈತಪ್ಪಿ ಹೆಂಡತಿ ಮಕ್ಕಳಿಗೆ ಹೋಗಬಹುದು. ನಿಯಮ ಕಾಗದದಲ್ಲಿತ್ತು, ಹಿಂದಿನ ಬೀದಿಗಳಲ್ಲಿ ಸಂಬಂಧಗಳೂ ಇದ್ದವು, ಮಕ್ಕಳೂ ಇದ್ದರು.

ಫಿನ್ನೆಗೋರ್ಡೆನ್‌ನ ಮೇಲಂತಸ್ತುಗಳಲ್ಲಿ ಈ ಮೇಲು ಕೆಳಗಿನ ಶ್ರೇಣಿಯನ್ನು ಮರದಲ್ಲೇ ನೋಡಬಹುದು. ನೆಲಮಟ್ಟ ಸರಕಿಗೆ. ಮೇಲೆ ಮುನೀಮನ ಕಚೇರಿ, ಊಟದ ಕೋಣೆ, ಮಲಗುವ ಕೋಣೆ, ಗೋಡೆಗೆ ಬಣ್ಣದ ಚಿತ್ತಾರ. ಅದಕ್ಕೂ ಮೇಲೆ ಹುಡುಗರದ್ದು. ಮಂಚವೆಂದರೆ ಗೋಡೆಯೊಳಗೆ ಹುದುಗಿಸಿದ ಕಪಾಟು, ಮುಂದೆ ಜಾರುಬಾಗಿಲು; ಒಂದೊಂದರಲ್ಲಿ ಇಬ್ಬಿಬ್ಬರು. ಬಾಗಿಲು ಎಳೆದುಕೊಂಡರೆ ಇಬ್ಬರ ಉಸಿರಿನ ಬಿಸಿಯೇ ಒಲೆ. ಮುನೀಮನ ಮಂಚಕ್ಕೆ ಹೊರಗಿನ ಓಡಾಟದ ಕಡೆಯಿಂದಲೂ ಒಂದು ಕಿಂಡಿಬಾಗಿಲು. ಹಾಸಿಗೆ ಸರಿಮಾಡುವ ಹೆಂಗಸು ಕೋಣೆಯೊಳಗೆ ಕಾಲಿಡದೆ ಕೆಲಸ ಮುಗಿಸಲಿ ಎಂದು ಹಾಗೆ ಮಾಡಿದ್ದು ಎಂದು ಇಲ್ಲಿನವರು ವಿವರಿಸುತ್ತಾರೆ.

ಕೋಣೆಗಳಲ್ಲಿ ಒಲೆ ಹುಡುಕಿದರೆ ಸಿಗುವುದಿಲ್ಲ. ಮರದ ಗೋಡೆ, ಡಾಂಬರು ಹಚ್ಚಿದ ಹಲಗೆ, ಅಟ್ಟದ ತುಂಬ ಒಣಮೀನು, ಪೀಪಾಯಿಗಳಲ್ಲಿ ಮೀನೆಣ್ಣೆ. ಒಂದು ಕಿಡಿ ಸಾಕು. ಹಾಗಾಗಿ ದಕ್ಕೆಯ ಕಡೆಯ ಮನೆಗಳಲ್ಲಿ ಬೆಂಕಿಗೆ ನಿಷೇಧ, ಚಳಿಗಾಲದಲ್ಲೂ. ಬರ್ಗೆನ್‌ನ ಡಿಸೆಂಬರಿನಲ್ಲಿ ಹಗಲು ಸುಮಾರು ಆರು ಗಂಟೆ ಮಾತ್ರ. ಒಲೆ ಇದ್ದದ್ದು ಗೋರ್ಡ್‌ನ ಹಿಂಬದಿಯಲ್ಲಿ, ಪ್ರತ್ಯೇಕ ಅಡುಗೆಮನೆ ಮತ್ತು ಅದಕ್ಕೆ ತಾಗಿದ ಸಭಾಕೊಠಡಿಯಲ್ಲಿ ಮಾತ್ರ. ಇನ್ನೂ ಹಿಂದೆ ದಪ್ಪ ಕಲ್ಲಿನ ಉಗ್ರಾಣಗಳು. ಸುಟ್ಟರೆ ಭರಿಸಲಾಗದ ಸರಕೂ ದಾಖಲೆಯೂ ಅಲ್ಲಿ.

ಶೋಟ್‌ಸ್ಟೂನೆಯಲ್ಲಿ ಈಗ ನೋಡುವುದು ಬೇರೆ ಬೇರೆ ಗೋರ್ಡ್‌ಗಳಿಂದ ಉಳಿದ ಇಂಥ ಸಭಾಕೊಠಡಿಗಳನ್ನು ಒಂದೆಡೆ ಸೇರಿಸಿ ನಿಲ್ಲಿಸಿದ್ದನ್ನು. ಗೋಡೆಗುಂಟ ಬೆಂಚು, ಉದ್ದ ಮೇಜು, ನಡುವೆ ಬೆಚ್ಚನೆಯ ಒಲೆ. ಚಳಿಗಾಲದಲ್ಲಿ ಊಟ, ಬಿಯರು, ಹುಡುಗರಿಗೆ ಪಾಠ, ಜಗಳದ ಪಂಚಾಯಿತಿ, ದಂಡ ವಸೂಲಿ ಎಲ್ಲ ಇಲ್ಲೇ. ಯಾರು ಒಲೆಯ ಹತ್ತಿರ ಕೂರಬೇಕು ಎಂಬುದಕ್ಕೂ ಹಿರಿತನದ ಕ್ರಮ. ಹೊಸ ಹುಡುಗರಿಗೆ ನಡೆಸುತ್ತಿದ್ದ ‘ಬರ್ಗೆನ್ ಆಟ’ಗಳ ಬಗ್ಗೆಯೂ ಇಲ್ಲಿ ಹೇಳುತ್ತಾರೆ: ಹೊಗೆಗಂಡಿಗೆ ಎತ್ತಿ ಕಟ್ಟಿ ಕೆಳಗೆ ಹೊಗೆ ಹಾಕುವುದು, ಬಂದರಿನ ನೀರಿಗೆ ಎಸೆದು ಹೊಡೆಯುವುದು, ಚಾವಟಿಯಾಟ. 1671ರಲ್ಲಿ ರಾಜಾಜ್ಞೆಯಿಂದ ನಿಂತವು. ಪ್ರವಾಸಿಗರ ಕಿವಿ ನೆಟ್ಟಗಾಗುವುದು ಇಲ್ಲೇ, ಗೈಡುಗಳೂ ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಅದಕ್ಕಿಂತ ಅಡುಗೆಮನೆಯ ನೆಲ, ಹೊಗೆ ಹೋಗುವ ದಾರಿ, ಮರದ ಗೋಡೆಯಿಂದ ಒಲೆಯ ದೂರ ನೋಡುವುದು ಮೇಲು. ಬೆಂಕಿಯ ಭಯ ಎಷ್ಟಿತ್ತೆಂದು ಅದು ಹೇಳುತ್ತದೆ.

ಮರಿಯಾ ಚರ್ಚಿಗೆ ಬೇಗ ಹೋಗಿ ಬರಬಹುದು. 12ನೇ ಶತಮಾನದ ಕಲ್ಲಿನ ಕಟ್ಟಡ, 1408ರಿಂದ 1766ರವರೆಗೆ ಜರ್ಮನ್ನರ ಕೈಯಲ್ಲಿತ್ತು. 1676ರ ಪ್ರವಚನ ಪೀಠದ ಕೆತ್ತನೆ ನೋಡಿದರೆ, ಕೋಣೆಗೆ ಖರ್ಚು ಮಾಡದವರು ಎಲ್ಲಿ ಕೈಬಿಚ್ಚಿದರು ಎಂದು ತಿಳಿಯುತ್ತದೆ.

ಇಷ್ಟೆಲ್ಲ ಉಳಿದಿರುವುದಕ್ಕೂ ಹಾಳಾಗುತ್ತಿರುವುದಕ್ಕೂ ಕಾರಣ ನೆಲದೊಳಗಿನ ನೀರು. ಶತಮಾನಗಳ ಕಸ, ಮರ, ಇದ್ದಿಲು ಸೇರಿ ಕೇರಿಯ ಕೆಳಗೆ ಹಲವು ಮೀಟರ್ ದಪ್ಪದ ಪದರವಿದೆ. ಅದು ನೀರಿನಲ್ಲಿ ಮುಳುಗಿರುವವರೆಗೆ ಆಮ್ಲಜನಕ ಸಿಗದೆ ಕೊಳೆಯುವುದಿಲ್ಲ. ರೂನ್ ಕಡ್ಡಿಗಳು ಉಳಿದದ್ದು ಹಾಗೆ. 1955ರ ಬೆಂಕಿ ಬಿದ್ದ ಜಾಗದಲ್ಲಿ ಮುಂದೆ ಹೊಸ ಕಟ್ಟಡ ಎದ್ದಾಗ ನೀರನ್ನು ಬಸಿದು ಹಾಕುವ ವ್ಯವಸ್ಥೆ ಬಂತು. ಸುತ್ತಲಿನ ಅಂತರ್ಜಲ ಇಳಿಯಿತು, ಗಾಳಿ ಸೇರಿತು, ಪದರ ಕೊಳೆತು ಕುಗ್ಗತೊಡಗಿತು. ಮೇಲಿನ ಮನೆಗಳು ಕೆಲವೆಡೆ ವರ್ಷಕ್ಕೆ 6ರಿಂದ 8 ಮಿಲಿಮೀಟರ್‌ನಂತೆ ಕುಸಿದವು. 2000ದ ನಂತರ ದೊಡ್ಡ ಯೋಜನೆಯಾಗಿ ಕೈಗೆತ್ತಿಕೊಂಡ ದುರಸ್ತಿಯಲ್ಲಿ ಅರ್ಧ ಕೆಲಸ ನೀರನ್ನು ಮರಳಿ ನೆಲಕ್ಕೆ ಇಳಿಸುವುದೇ: ಮಳೆನೀರನ್ನು ಚರಂಡಿಗೆ ಬಿಡದೆ ಇಂಗಿಸುವ ಹುಲ್ಲುತಗ್ಗು, ನೀರು ಸೋಸುವ ಕಲ್ಲುಹಾಸು, ಭೂಮಿಯೊಳಗೆ ನೀರು ಹಂಚುವ ಕೊಳವೆ. ಕುಸಿತದ ವೇಗ ಗಣನೀಯವಾಗಿ ತಗ್ಗಿತು.

ಉಳಿದರ್ಧ ಬಡಗಿಗಳದ್ದು. ನೆಲಕ್ಕೆ ತಾಗಿದ ದಿಮ್ಮಿ ಮೊದಲು ಕೊಳೆಯುತ್ತದೆ, ಅದು ಕೂತರೆ ಮೇಲಿನ ಗೋಡೆ ಓರೆಯಾಗುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ. ಮನೆಯನ್ನು ಜಾಕಿಯ ಮೇಲೆ ಎತ್ತಿ, ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಪೈನ್ ಮರವನ್ನು ಕೊಡಲಿಯಿಂದ ಕೆತ್ತಿ, ಹಳೆಯ ಮಾದರಿಯ ಕಚ್ಚಿನಲ್ಲಿ ಕೂರಿಸುತ್ತಾರೆ. ಚೆನ್ನಾಗಿರುವ ದಿಮ್ಮಿಯನ್ನು ಮುಟ್ಟುವುದಿಲ್ಲ. ಓರೆಯನ್ನು ಪೂರ್ತಿ ನೆಟ್ಟಗೆ ಮಾಡುವುದೂ ಇಲ್ಲ. ಹಾಗೆ ಮಾಡಿದರೆ ಮುನ್ನೂರು ವರ್ಷದಲ್ಲಿ ಓರೆಗೆ ಒಗ್ಗಿಕೊಂಡ ನೆಲ, ಮೊಗಸಾಲೆ, ಮಾಡು ಎಲ್ಲ ಕಡೆ ಬಿರುಕು ಬಿಡುತ್ತದೆ. ಓಣಿಯಲ್ಲಿ ನಿಂತು ಗೋಡೆಯ ಕೆಳಸಾಲು ನೋಡಿದರೆ ಹೊಸ ಮರದ ತಿಳಿಬಣ್ಣದ ತೇಪೆಗಳು ಕಾಣುತ್ತವೆ.

ಹೋಗುವವರಿಗೆ ಇನ್ನೆರಡು ಮಾತು. ಬರ್ಗೆನ್‌ನಲ್ಲಿ ವರ್ಷದ ಇನ್ನೂರಕ್ಕೂ ಹೆಚ್ಚು ದಿನ ಮಳೆ; ಓಣಿಯ ಒದ್ದೆ ಹಲಗೆ ಜಾರುತ್ತದೆ, ಹಿಡಿತವಿರುವ ಚಪ್ಪಟೆ ಶೂ ಬೇಕು. ಮೆಟ್ಟಿಲುಗಳು ಕಡಿದು, ಬಾಗಿಲ ಪಟ್ಟಿ ತಗ್ಗು. ಮಂಡಿನೋವು ಇರುವ ಹಿರಿಯರು ಜೊತೆಗಿದ್ದರೆ ಬ್ರಿಗ್ಗೆನ್ ವಸ್ತುಸಂಗ್ರಹಾಲಯ ಮತ್ತು ಶೋಟ್‌ಸ್ಟೂನೆಗೆ ಹೆಚ್ಚು ಸಮಯ ಇಟ್ಟುಕೊಳ್ಳುವುದು ಸರಿ. ಬೇಸಿಗೆಯಲ್ಲಿ ಕ್ರೂಸ್ ಹಡಗುಗಳು ಬಂದಿಳಿದ ಮೇಲೆ ಓಣಿಯಲ್ಲಿ ಹೆಜ್ಜೆಯಿಡುವುದೂ ಕಷ್ಟ, ಬೆಳಗ್ಗೆ ಬೇಗ ಹೋಗಬೇಕು.

ಈ ವ್ಯಾಪಾರದ ಮತ್ತೆರಡು ತುದಿಗಳನ್ನೂ ನೋಡುವ ಅವಕಾಶವಿದ್ದರೆ ಒಂದು ಉತ್ತರದಲ್ಲಿದೆ, ಒಂದು ದಕ್ಷಿಣದಲ್ಲಿ. ಲೊಫೊಟೆನ್ ದ್ವೀಪಸಾಲಿನ ಕೊನೆಯ ‘ಓ’ ಎಂಬ ಹಳ್ಳಿಯಲ್ಲಿ ಒಣಮೀನಿನದೇ ವಸ್ತುಸಂಗ್ರಹಾಲಯವಿದೆ. ಏಪ್ರಿಲ್ ಹೊತ್ತಿಗೆ ಹೋದರೆ ಹೊರಗಿನ ಹಂದರಗಳಲ್ಲಿ ಮೀನು ತೂಗುತ್ತಿರುತ್ತದೆ. ಲ್ಯೂಬೆಕ್‌ನಲ್ಲಿ 2015ರಲ್ಲಿ ತೆರೆದ ಯುರೋಪಿಯನ್ ಹಾನ್ಸಾ ವಸ್ತುಸಂಗ್ರಹಾಲಯ ದೊಡ್ಡದು, ಹೊಸದು, ಬ್ರೂಜ್, ಲಂಡನ್, ನೊವ್ಗೊರೊದ್ ದೃಶ್ಯಗಳನ್ನು ಕೋಣೆಯಳತೆಯಲ್ಲಿ ಮರುಸೃಷ್ಟಿಸಿದೆ. ಬಟ್ಟೆಯ ಮಳಿಗೆ, ನಾಣ್ಯ, ಒಪ್ಪಂದ ಪತ್ರ ಬೇಕಾದವರಿಗೆ ಅದೇ ಸರಿಯಾದ ಜಾಗ. ಬರ್ಗೆನ್ ನೋಡಿದ ಮೇಲೆ ಅಲ್ಲಿಗೆ ಹೋಗುವುದು ಒಳ್ಳೆಯದು. ಲಾಭ ಹೋಗಿ ಸೇರಿದ ಊರು ಅದು.